ಕನ್ನಡಿ ಅಂಟಿಸಲು ಎಂ.ಡಿ. ಪದವಿ ಸಾಲದು

ಅಮೆರಿಕಕ್ಕೆ ಹೊರಡಲು ಸಿದ್ಧರಾಗುತ್ತಿರುವ ಕಿರಿಯ ವೈದ್ಯರು ಆಗಾಗ ನನಗೆ ಕರೆ ಮಾಡಿ ಪರೀಕ್ಷೆ, ವೀಸಾ, ಸಂಬಳಗಳ ಬಗ್ಗೆ ವಿಚಾರಿಸುತ್ತಾರೆ. ಎಲ್ಲಕ್ಕೂ ಉತ್ತರಿಸಿದ ಮೇಲೆ ನಾನೊಂದು ಪ್ರಶ್ನೆ ಕೇಳುತ್ತೇನೆ: "ಮರದ ಬೀರುವಿನ ಬಾಗಿಲಿಗೆ ಕನ್ನಡಿ ಕೂರಿಸಲು ನಿಮಗೆ ಬರುತ್ತದೆಯೇ?" ಅವರು ನಗುತ್ತಾರೆ. ನಾನು ತಮಾಷೆಗೆ ಕೇಳಿರುವುದಿಲ್ಲ.

ಎಂ.ಬಿ.ಬಿ.ಎಸ್., ಎಂ.ಡಿ. ಎರಡನ್ನೂ ಕರ್ನಾಟಕದಲ್ಲಿ ಮುಗಿಸಿ 1999ರಲ್ಲಿ ಲಾಸ್ ಏಂಜಲೀಸಿಗೆ ಬಂದಾಗ, ಇಲ್ಲಿನ ನಿಯಮದಂತೆ ಮತ್ತೆ ರೆಸಿಡೆಂಟ್ ಆಗಿ ಮೊದಲಿನಿಂದ ಆರಂಭಿಸಬೇಕಾಯಿತು. ಮರುವರ್ಷ ಸಾಗರದಿಂದ ಅಮ್ಮ ಬಂದಳು. ಬಾಡಿಗೆ ಮನೆಯಲ್ಲಿದ್ದುದು ಮುಖ ಕಾಣುವಷ್ಟೇ ದೊಡ್ಡದಾದ ಕನ್ನಡಿ. ಸೀರೆಯ ನೆರಿಗೆ ನೋಡಿಕೊಳ್ಳಲು ಅವಳಿಗೆ ಆಳೆತ್ತರದ್ದು ಬೇಕಿತ್ತು. ಕೆಲಸಗಾರನನ್ನು ಕರೆಸಿದರೆ ಕನ್ನಡಿಯ ಬೆಲೆಗಿಂತ ಕೂಲಿಯೇ ಹೆಚ್ಚು. ಕನ್ನಡಿಯನ್ನೂ ಒಂದು ಸಿಲಿಕೋನ್ ಅಂಟನ್ನೂ ತಂದು, ಭಾನುವಾರ ಸಂಜೆ ಹದಿನೈದು ನಿಮಿಷದಲ್ಲಿ ಬೀರುವಿನ ಬಾಗಿಲಿಗೆ ಒತ್ತಿ ನಿಲ್ಲಿಸಿದೆ. ಅಂಟಿನ ಮೇಲೆ ಅಚ್ಚಾಗಿದ್ದ ಸೂಚನೆಯನ್ನು ಓದಲಿಲ್ಲ. ಓದಿ ಓದಿ ದಣಿದವನಿಗೆ ಅದೊಂದು ಓದುವ ವಿಷಯವೆನಿಸಲಿಲ್ಲ.

ಕೆಲವು ವಾರಗಳ ನಂತರ, ನಾನು ರಾತ್ರಿಪಾಳಿಯಲ್ಲಿದ್ದಾಗ, ಆ ಕನ್ನಡಿ ಕಳಚಿ ಬಿದ್ದಿತು. ಬೆಳಿಗ್ಗೆ ಮನೆಗೆ ಬರುವ ಹೊತ್ತಿಗೆ ಅಮ್ಮ ಚೂರುಗಳನ್ನೆಲ್ಲ ಗುಡಿಸಿ ಮೂಲೆಗೆ ಸೇರಿಸಿದ್ದಳು. "ರಾತ್ರಿಯಿಡೀ ನಿದ್ದೆಗೆಟ್ಟಿದ್ದೀಯ, ಮೊದಲು ತಿಂಡಿ ತಿನ್ನು" ಎಂದಳು. ಅವಳು ನಡೆಯುವ ರೀತಿ ನೋಡಿ ಸೀರೆಯ ಅಂಚು ಸರಿಸಿದರೆ, ಪಾದದ ಕೀಲಿನ ಬಳಿ ಉದ್ದವಾದ ಗಾಯ. ಅದಕ್ಕೊಂದು ಬಟ್ಟೆ ಸುತ್ತಿಕೊಂಡಿದ್ದಳು. ಇಲ್ಲಿನ ಆಸ್ಪತ್ರೆಯ ಖರ್ಚಿನ ಕಥೆಗಳನ್ನು ಊರಿನಲ್ಲೇ ಕೇಳಿಬಂದಿದ್ದರಿಂದ, ಮಗ ವೈದ್ಯನಾಗಿದ್ದೂ ಅವಳು ಗಾಯವನ್ನು ಮುಚ್ಚಿಟ್ಟಿದ್ದಳು. ಐದು ಹೊಲಿಗೆ ಬೇಕಾದವು.

ಆ ದಿನ ಕನ್ನಡಿಯ ದೊಡ್ಡ ಚೂರೊಂದನ್ನು ತಿರುಗಿಸಿ ನೋಡಿದೆ. ಅಂಟಿನ ಪಟ್ಟಿಗಳು ಗಾಜಿಗೆ ಭದ್ರವಾಗಿಯೇ ಇದ್ದವು. ಅವುಗಳ ಮೇಲೆ ಬಾಗಿಲಿನ ಬಿಳಿ ಬಣ್ಣವೂ ಅಂಟಿಕೊಂಡಿತ್ತು. ಅಂಟು ಬಣ್ಣವನ್ನು ಬಿಟ್ಟಿರಲಿಲ್ಲ. ಬಣ್ಣವೇ ಮರವನ್ನು ಬಿಟ್ಟಿತ್ತು. ಅಲ್ಲಲ್ಲಿ ಕಪ್ಪು ಕಲೆಗಳೂ ಮೂಡಿದ್ದವು. ಹಚ್ಚುವಾಗ ವಿನೆಗರಿನಂತೆ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ಆ ಆಮ್ಲ ಕನ್ನಡಿಯ ಬೆನ್ನಿನ ಬೆಳ್ಳಿಯ ಲೇಪವನ್ನು ತಿನ್ನುತ್ತದೆ.

ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಚರ್ಮವನ್ನು ಕೂಡಿಸುವ ಸಯನೋಅಕ್ರಿಲೇಟ್ ಅಂಟಿಗೆ ಅಮೆರಿಕದ ಎಫ್‌ಡಿಎ 1998ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಗಾಯವನ್ನು ತೊಳೆಯಬೇಕು, ಒಣಗಿಸಬೇಕು, ಅಂಚುಗಳನ್ನು ಕೂಡಿಸಿ ಅಲುಗದಂತೆ ಹಿಡಿಯಬೇಕು. ಎಳೆತ ಹೆಚ್ಚಿರುವ ಕೀಲುಗಳ ಮೇಲೆ ಅಂಟನ್ನು ನಂಬದೆ ಹೊಲಿಗೆ ಹಾಕಬೇಕು. ಇದನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದೆ. ಸುಮಾರು 5 ಕಿಲೋ ತೂಕದ ಗಾಜಿಗೂ ಇದೇ ನ್ಯಾಯವೆಂದು ನನಗೆ ಹೊಳೆಯಲೇ ಇಲ್ಲ. ಊರಿನ ಮನೆಯ ಬೀಟೆ ಬೀರುವಿಗೆ ಕನ್ನಡಿ ಕೂರಿಸಿದ ಆಚಾರಿ ಅಂಟನ್ನೇ ಬಳಸಿರಲಿಲ್ಲ. ನಾಲ್ಕೂ ಅಂಚಿಗೆ ತೆಳು ರೀಪು ಹೊಡೆದಿದ್ದ. ಶಾಲೆ ಮುಗಿಸದ ಅವನಿಗೆ ತಿಳಿದಿದ್ದುದು ನನಗೆ ತಿಳಿದಿರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಈ ಅಜ್ಞಾನಕ್ಕೆ ಇನ್ನೊಂದು ಅಪಾಯವೂ ಇದೆ. 1994ರ ಜನವರಿ 17ರಂದು, ಬೆಳಗಿನ ಜಾವ 4 ಗಂಟೆ 31 ನಿಮಿಷಕ್ಕೆ, 6.7 ತೀವ್ರತೆಯ ನಾರ್ತ್‌ರಿಡ್ಜ್ ಭೂಕಂಪ ಲಾಸ್ ಏಂಜಲೀಸನ್ನು ಅಲುಗಿಸಿದಾಗ ಜನ ಹಾಸಿಗೆಯಲ್ಲಿದ್ದರು. ಅಂಥ ನೆಲದಲ್ಲಿ ಮಲಗುವ ಜಾಗದ ಹತ್ತಿರ ಬರೀ ಅಂಟಿನ ಮೇಲೆ ಗಾಜನ್ನು ನಿಲ್ಲಿಸಬಾರದು.

ಈಗ ನಾನಿರುವುದು ಸ್ಯಾನ್ ಡಿಯೇಗೊದಲ್ಲಿ. ಕಳೆದ ತಿಂಗಳು ಇಲ್ಲಿನ ಬೀರುವಿಗೊಂದು ಕನ್ನಡಿ ಕೂರಿಸಿದೆ. ಈ ಬಾರಿ ಎರಡು ದಿನ ಹಿಡಿಯಿತು. ಬಾಗಿಲನ್ನು ಕಳಚಿ ಸಮತಲವಾಗಿ ಮಲಗಿಸಿದೆ. ಸಡಿಲವಾಗಿದ್ದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ತೆಗೆದು, ದೂಳು, ಜಿಡ್ಡು ಒರೆಸಿ, ಬರಿದಾದ ಮರಕ್ಕೆ ಪ್ರೈಮರ್ ಬಳಿದು ಒಣಗಲು ಬಿಟ್ಟೆ. ಕನ್ನಡಿಗೆಂದೇ ತಯಾರಾದ, ಆಮ್ಲ ಬಿಡದ ಅಂಟನ್ನು ಉದ್ದುದ್ದ ಪಟ್ಟಿಗಳಾಗಿ ಹಚ್ಚಿದೆ. ನಡುವೆ ಗಾಳಿಯಾಡಿದರೆ ಅಂಟು ಸರಿಯಾಗಿ ಗಟ್ಟಿಯಾಗುತ್ತದೆ. ತೀರ ಒತ್ತಿಬಿಡಬಾರದು. ಜೂನಿನ ಕಡಲ ಮಂಜಿಗೆ ಮರ ಹಿಗ್ಗುತ್ತದೆ, ಶರತ್ಕಾಲದ ಸ್ಯಾಂಟಾ ಆನಾ ಒಣಗಾಳಿಗೆ ಕುಗ್ಗುತ್ತದೆ. ಗಾಜು ಹಾಗೆ ಮಾಡದು. ಈ ವ್ಯತ್ಯಾಸವನ್ನು ನಡುವಿನ ಅಂಟೇ ಬಾಗಿ ತಾಳಿಕೊಳ್ಳಬೇಕು. ಒಡೆದರೂ ಚೂರು ಚೆದುರದಂತೆ ಬೆನ್ನಿಗೆ ಸುರಕ್ಷತಾ ಪೊರೆಯಿರುವ ಕನ್ನಡಿಯನ್ನೇ ಆರಿಸಿದೆ. ಅಂಟು ಆ ಪೊರೆಗೆ ಹೊಂದುತ್ತದೆಯೇ ಎಂದು ಈ ಸಲ ಓದಿ ನೋಡಿದೆ. ಕೆಳಗೆ ಭಾರ ಹೊರಲು ರೀಪು, ಮೇಲೆ ಹಿಡಿಕೆಗಳು, ಹೆಚ್ಚಿದ ತೂಕಕ್ಕೆ ತಕ್ಕ ಗಟ್ಟಿ ಕೀಲುಗಳು.

ಬಾಡಿಗೆ ಮನೆಯಲ್ಲಿರುವವರು ಅಂಟಿನ ಗೋಜಿಗೇ ಹೋಗದಿರುವುದು ಲೇಸು. ಬಾಗಿಲು ಹಾಳಾದರೆ ಮಾಲೀಕರು ಠೇವಣಿಯಿಂದ ಹಣ ಮುರಿದುಕೊಳ್ಳಬಹುದು. ನನಗೂ ಹಾಗೆಯೇ ಆಯಿತು.

ಮಕ್ಕಳನ್ನು ವಿದೇಶಕ್ಕೆ ಕಳುಹಿಸುವ ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. "ಓದುವ ಹುಡುಗ, ಸುತ್ತಿಗೆ ಮುಟ್ಟುವುದು ಬೇಡ" ಎಂದು ನಾವು ಬೆಳೆಸಿದ ಮಕ್ಕಳು ಇಲ್ಲಿ ಪ್ರತಿ ಮೊಳೆಗೂ ತಾವೇ ಹೊಣೆಯಾಗುತ್ತಾರೆ. ಹೊರಡುವ ಮುನ್ನ ಅವರನ್ನು ಒಂದು ವಾರ ಬಡಗಿಯ ಪಕ್ಕದಲ್ಲಿ ಕೂರಿಸಿ. ಕೈಕೆಲಸದ ಜೊತೆಗೆ, ತಿಳಿಯದ್ದನ್ನು ತಿಳಿದವರ ಬಳಿ ಕೇಳುವ ಅಭ್ಯಾಸವೂ ಬಂದೀತು.

ಅಮ್ಮನಿಗೆ ಈಗ ಅಷ್ಟು ದೂರದ ಪ್ರಯಾಣ ಆಗದು. ವಿಡಿಯೊ ಕರೆಯಲ್ಲಿ ಹೊಸ ಕನ್ನಡಿಯನ್ನು ತೋರಿಸಿದೆ. ತನ್ನ ಮುಖವನ್ನೋ ನನ್ನ ಮುಖವನ್ನೋ ಅವಳು ನೋಡಲಿಲ್ಲ. "ಕೆಳಗೆ ರೀಪು ಹೊಡೆದಿದ್ದೀಯ ತಾನೆ?" ಎಂದಳು.