ಪದ ಕೇಳದವಳ ಹಚ್ಚೆ

ಸಂಪಿಗೆ ಎಂಬ ಊರಿನ ಸುತ್ತಮುತ್ತ ಅಟ್ಟಕ್ಕೇರಿದ ತೆಂಗಿನಕಾಯಿ ಕೊಬ್ಬರಿಯಾಗಿ ಇಳಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಒಣಗಿತೋ ಇಲ್ಲವೋ ನೋಡಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಉಂಡೆ ಗಡಗಡ ಎಂದರೆ ಆಯಿತು. ಆ ಗಡಗಡ ಅಂಗೈಗೂ ಗೊತ್ತಾಗುತ್ತದೆ. ಕಿವಿ ಕೇಳದವರಿಗೆ ಅಷ್ಟು ಸಾಕು.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಡಿಸೆಂಬರ್‌ನಲ್ಲಿ ಬಂತು. ಅದಕ್ಕೆ ಹತ್ತು ತುಂಬುವ ಹೊತ್ತಿಗೆ ಹಿಂದಿರುಗಿ ನೋಡಿದರೆ ಸದ್ದನ್ನು ಅಂಗೈಗೂ ತಲುಪಿಸುವ ಈ ಕಾಯಿಯೇ ನೆನಪಾಗುತ್ತದೆ. ಕಾಯ್ದೆಯ 29ನೇ ಕಲಮು ಕಲೆ ಅಂಗವಿಕಲರಿಗೆ ಎಟುಕಬೇಕು, ಅಂಗವಿಕಲ ಕಲಾವಿದರಿಗೆ ನೆರವು ಸಿಗಬೇಕು ಎನ್ನುತ್ತದೆ. ಭಾರತೀಯ ಸಂಜ್ಞಾ ಭಾಷೆಯ ಕೇಂದ್ರ ದೆಹಲಿಯಲ್ಲಿ 2015ರಲ್ಲೇ ಆರಂಭವಾಗಿತ್ತು. ಅದರ ನಿಘಂಟಿನಲ್ಲಿ 2018ರಲ್ಲಿ 3,000 ಪದಗಳಿದ್ದದ್ದು 2021ಕ್ಕೆ 10,000 ಆಯಿತು. ಇಷ್ಟನ್ನು ಜಮಾ ಬದಿಗೆ ಬರೆಯೋಣ. ಖರ್ಚಿನ ಬದಿಯಲ್ಲಿ ಏನಿದೆ? ಸಮಾರಂಭದ ವೇದಿಕೆಯ ಮೂಲೆಯಲ್ಲಿ ನಿಂತ ಸಂಜ್ಞಾ ಅನುವಾದಕರು ಭಾಷಣಕ್ಕೆ ಕೈ ಆಡಿಸುತ್ತಾರೆ. ಭಾಷಣ ಮುಗಿದು ನಾಟಕ ಶುರುವಾದರೆ ಅವರೂ ಕೆಳಗಿಳಿಯುತ್ತಾರೆ. ಕರ್ನಾಟಕದಲ್ಲಿ ಕಿವಿ ಕೇಳದವರು 2 ಲಕ್ಷ 35 ಸಾವಿರಕ್ಕೂ ಹೆಚ್ಚು ಎಂದಿತ್ತು 2011ರ ಜನಗಣತಿ. ಅವರೆಲ್ಲ ಭಾಷಣ ಮಾತ್ರ ಕೇಳಬೇಕೇನು!

ಭಾಷಣದಾಚೆಯ ದಾರಿಗೆ ಒಂದು ಉದಾಹರಣೆ ಇದೆ. ಜಪಾನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಚಿಸಾಟೊ ಮಿನಾಮಿಮುರ ಸ್ವತಃ ಕಿವಿ ಕೇಳದ ಕಲಾವಿದೆ. ಹಿರೋಶಿಮಾ, ನಾಗಾಸಾಕಿಯ ಬಾಂಬಿನಿಂದ ಬದುಕುಳಿದ ಕಿವುಡರ ನೆನಪುಗಳನ್ನು ‘ಸ್ಕೋರ್ಡ್ ಇನ್ ಸೈಲೆನ್ಸ್’ ಎಂಬ ಕೃತಿಯಲ್ಲಿ ಕಟ್ಟಿದರು. ಅದರಲ್ಲಿ ಪ್ರೇಕ್ಷಕರು ಮೈಗೊಂದು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಸದ್ದು ಕಂಪನವಾಗಿ ಬಂದು ಮುಟ್ಟುತ್ತದೆ. ನಮ್ಮ ಕೊಬ್ಬರಿಯ ಲೆಕ್ಕವೇ. ಆಮೇಲೆ ಅವರು ಕೈಗೆತ್ತಿಕೊಂಡದ್ದು ಹೆಣ್ಣು ಮತ್ತು ಹಚ್ಚೆಯ ಕತೆಯನ್ನು, ‘ಮಾರ್ಕ್ ಆಫ್ ಎ ವುಮನ್’ ಎಂಬ ಹೆಸರಿನಲ್ಲಿ. ಅವರು ಹುಟ್ಟಿದ ನಾಡಿನಲ್ಲಿ ಐನು ಹೆಂಗಸರ ತುಟಿಯ ಹಚ್ಚೆಯನ್ನು 1871ರಲ್ಲೂ, ಓಕಿನಾವಾದ ಹೆಂಗಸರ ಕೈಹಚ್ಚೆಯನ್ನು 1899ರಲ್ಲೂ ಸರ್ಕಾರವೇ ನಿಷೇಧಿಸಿತ್ತು.

ನಮ್ಮಲ್ಲಿ ಹಚ್ಚೆಯನ್ನು ಯಾರೂ ನಿಷೇಧಿಸಲಿಲ್ಲ, ಹಾಕುವವರನ್ನು ನಿಷೇಧಿಸಿದರು. ಮನೆಮನೆ ತಿರುಗಿ ಹಚ್ಚೆ ಹುಯ್ಯುತ್ತಿದ್ದವರಲ್ಲಿ ಕೊರವರ ಹೆಂಗಸರು ಮುಖ್ಯರು. ಬ್ರಿಟಿಷರು ಮದ್ರಾಸ್ ಪ್ರಾಂತ್ಯದಲ್ಲಿ ಆ ಸಮುದಾಯವನ್ನೇ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿದರು. ಅಪರಾಧಿ ಬುಡಕಟ್ಟುಗಳ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರಲ್ಲಿ. ಊರಿನ ಹೆಣ್ಣುಮಕ್ಕಳ ಮೈಗೆ ಗುರುತು ಹಾಕಿದವಳ ಹಣೆಗೇ ಸರ್ಕಾರ ಬೇರೊಂದು ಗುರುತು ಹಾಕಿತ್ತು.

ಹಚ್ಚೆಯ ಬಣ್ಣಕ್ಕೆ ದೀಪದ ಮಸಿ, ಸೊಪ್ಪಿನ ರಸ, ಕೆಲವೆಡೆ ಎದೆಹಾಲು. ಒಟ್ಟಿಗೆ ಕಟ್ಟಿದ ಸೂಜಿಗಳು. ನೋವು ಮರೆಸಲು ಹುಯ್ಯುವವರು ಪದ ಹಾಡುತ್ತಿದ್ದರು. ಜಾನಪದ ಸಂಗ್ರಾಹಕರು ಆ ಪದಗಳನ್ನು ಬರೆದುಕೊಂಡರು, ಧ್ವನಿಮುದ್ರಿಸಿದರು, ಒಳ್ಳೆಯದೇ. ಆದರೆ ಮುಂದೆ ಕೂತು ಕೈಚಾಚಿದ ಹುಡುಗಿಗೆ ಕಿವಿ ಕೇಳದಿದ್ದರೆ? ಹುಯ್ಯುವವಳ ತಲೆ ಸೂಜಿಯ ಮೇಲೆ ಬಾಗಿರುತ್ತದೆ, ತುಟಿಯೂ ಕಾಣುವುದಿಲ್ಲ. ಉಳಿದವರಿಗೆ ಸಿಕ್ಕ ಸಮಾಧಾನ ಆಕೆಗೆ ಇಲ್ಲ. ನೋವು ಪೂರ್ತಿ ಆಕೆಯದು. ಹಚ್ಚೆಯ ಬಗ್ಗೆ ಇಷ್ಟು ಬರೆದವರಲ್ಲಿ ಈ ಹುಡುಗಿಯ ಕಡೆ ತಿರುಗಿ ನೋಡಿದವರು ಕಡಿಮೆ, ನಾವೂ ಸೇರಿ. ಊರು ಆಕೆಯ ಹೆಸರನ್ನೂ ಮರೆತು ‘ಮೂಗಿ’ ಎಂದು ಕರೆದು ಮುಗಿಸುತ್ತಿತ್ತು.

ಕಿವುಡರು ತಮ್ಮೊಳಗೆ ಹೆಸರಿಡುವ ರೀತಿಯೇ ಬೇರೆ. ಮಚ್ಚೆ, ಗಾಯದ ಗುರುತು, ಗಲ್ಲದ ಗುಳಿ, ಹೀಗೆ ಮೈಮೇಲೆ ಕಂಡದ್ದನ್ನು ಬೆರಳಲ್ಲಿ ತೋರಿದರೆ ಅದೇ ಆ ಮನುಷ್ಯರ ಹೆಸರು. ಭಾರತೀಯ ಸಂಜ್ಞೆಯಲ್ಲಿ ‘ಹೆಣ್ಣು’ ಎನ್ನಲು ಮೂಗುಬಟ್ಟಿನ ಜಾಗ ಮುಟ್ಟುತ್ತಾರೆ. ಹಾಗಾದರೆ ಹಣೆಯಲ್ಲಿ ಹಚ್ಚೆಬೊಟ್ಟು ಇರುವವಳ ಹೆಸರು ಏನಿರಬಹುದು, ಊಹಿಸಿ. ನಮ್ಮಲ್ಲೂ ಹಚ್ಚೆಯ ರಂಗಕೃತಿಯೊಂದನ್ನು ಕಟ್ಟುವುದಾದರೆ, ಮೈಯ ಗುರುತನ್ನು ಭಾಷೆಯಾಗಿಸಿದ ಈ ಜನಕ್ಕಿಂತ ಅದಕ್ಕೆ ತಕ್ಕವರು ಯಾರು? ಅವರನ್ನು ಕೊನೆಯ ಸಾಲಿನ ಪ್ರೇಕ್ಷಕರಾಗಿ ಕೂರಿಸಿ ಅನುವಾದ ಬಡಿಸಿದ್ದೇ ಈ ಹತ್ತು ವರ್ಷದ ಎಡವಟ್ಟು.

ಸಂಪಿಗೆಯನ್ನು ರಾಜ ಹಂಸಧ್ವಜನ ಚಂಪಕಾಪುರಿ ಎನ್ನುವ ಐತಿಹ್ಯವಿದೆ. ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಬಿದ್ದೂ ಸುಡದ ಆ ರಾಜನ ಮಗ ಸುಧನ್ವನ ಕತೆ ಕವಿ ಲಕ್ಷ್ಮೀಶನಿಂದ ಎಲ್ಲರಿಗೂ ಗೊತ್ತು. ಮೈಗೊಂದು ಕಲೆಯೂ ಆಗದ ವೀರನಿಗೆ ಕಾವ್ಯ ಸಿಕ್ಕಿತು. ತೋಳ ತುಂಬ ಚುಕ್ಕಿ ಹೊತ್ತ ಅಜ್ಜಿಯರಿಗೆ ಇನ್ನೂ ಸಿಕ್ಕಿಲ್ಲ.

ಅಂಥ ರಂಗಕೃತಿಗೆ ಬೇಕಾದ ಸಾಮಗ್ರಿಗೇನೂ ಇಲ್ಲಿ ಬರವಿಲ್ಲ. ಸೋಮನ ಕುಣಿತದ ಚರ್ಮವಾದ್ಯದ ಹೊಡೆತ ಎದೆಗೇ ನಾಟುತ್ತದೆ, ಪಟ್ಟಿ ಕಟ್ಟಬೇಕಿಲ್ಲ. ಸೋಮನ ಮುಖವಾಡ ಮಾತ್ರ ಬೇಡ; ಸಂಜ್ಞೆಯ ಅರ್ಧ ವ್ಯಾಕರಣ ಮುಖದಲ್ಲೇ ಇರುವುದು.

ಹಚ್ಚೆ ಹಾಕಿಸಿಕೊಂಡ ಕೊನೆಯ ತಲೆಮಾರಿಗೆ ಈಗ ವಯಸ್ಸಾಗಿದೆ. ಚರ್ಮ ಜೋತು, ಹಸಿರುಗಟ್ಟಿದ ಗೆರೆಗಳು ಹರಡಿ, ಚೇಳು ಯಾವುದು ಬಳ್ಳಿ ಯಾವುದು ಎಂದು ಅಜ್ಜಿಯೇ ಹೇಳಬೇಕು. ಸಂಜ್ಞೆಯ ನಿಘಂಟು ಆಕೆಗೆ ಗೊತ್ತಿಲ್ಲ. ಕಿವಿ ಕೇಳದ ಮೊಮ್ಮಗಳು ತೋಳು ಮುಟ್ಟಿ ಹುಬ್ಬೇರಿಸಿದರೆ ಆಕೆ ಎರಡೂ ಕೈ ಸೇರಿಸಿ ತೊಟ್ಟಿಲಂತೆ ತೂಗುತ್ತಾಳೆ, ಆಮೇಲೆ ಸೂಜಿ ಚುಚ್ಚಿದ ಜಾಗ ಒತ್ತಿ ಮುಖ ಕಿವಿಚುತ್ತಾಳೆ. ಮೊದಲ ದೃಶ್ಯಕ್ಕೆ ಇಷ್ಟಿದ್ದರೆ ಸಾಕು. ಜಗುಲಿಯ ಮೇಲೆ, ಹಗಲು ಬೆಳಕಿನಲ್ಲಿ, ಕೈ ಕಾಣುವಂತೆ.