ಮುಚ್ಚಿಟ್ಟ ಬೇನೆಗೆ ಮದ್ದಿಲ್ಲ



ಕೆಲವು ತಿಂಗಳ ಹಿಂದೆ ಒಂದು ಸಂಜೆ ನಾಯಂಡಹಳ್ಳಿಯ ನಮ್ಮ ಮನೆಗೆ ಪರಿಚಿತ ತಾಯಿಯೊಬ್ಬರು ಬಂದರು. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಣ್ಣಾ, ಈ ಮಾತು ನಿಮ್ಮಲ್ಲಿಯೇ ಇರಲಿ. ಮಗಳ ನಿಶ್ಚಿತಾರ್ಥ ಹತ್ತಿರ ಬಂದಿದೆ" ಎಂದು ಕಣ್ಣೊರೆಸಿಕೊಂಡರು. ಮಗ ವಿದ್ಯಾವಂತ, ಕೈತುಂಬ ಸಂಬಳ ತರುವವನು. ಮುಂಜಾನೆ ಮಿಂದು ಲಿಂಗಪೂಜೆಗೆ ಕೂರುತ್ತಿದ್ದವನು ಈಗ ಎರಡೆರಡು ರಾತ್ರಿ ನಿದ್ರೆಯಿಲ್ಲದೆ ಕಳೆಯುತ್ತಾನೆ. ಮೂರನೆಯ ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಸದಾ ನೆಗಡಿ, ಆಗಾಗ ಮೂಗಿನಲ್ಲಿ ರಕ್ತ. ಸಂಬಳ ತಿಂಗಳ ನಡುವೆಯೇ ಕರಗಿಹೋಗುತ್ತದೆ. ಕೊನೆಗೊಂದು ದಿನ ಅಂಗಿಯ ಜೇಬಿನಲ್ಲಿ ಬಿಳಿಯ ಪುಡಿಯ ಪೊಟ್ಟಣ ಸಿಕ್ಕಿತು. ಅದು ಕೊಕೇನ್. ಆ ತಾಯಿಯ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ ಈ ಸಂಗತಿಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಇದು ಸಿರಿವಂತರ, ಸಿನಿಮಾದವರ ಚಟವೆಂಬ ಭಾವನೆ ನಮ್ಮಲ್ಲಿದೆ. 2020ರಲ್ಲಿ ಕನ್ನಡ ಚಿತ್ರರಂಗದ ಸುತ್ತ ಮಾದಕ ವಸ್ತುಗಳ ಪ್ರಕರಣ ಸುದ್ದಿಯಾದಾಗ ನಾವೂ ಹಾಗೆಯೇ ಮಾತನಾಡಿಕೊಂಡೆವು. ಆದರೆ ಮೈಸೂರು ರಸ್ತೆ ಮತ್ತು ಹೊರವರ್ತುಲ ರಸ್ತೆ ಕೂಡುವ ನಮ್ಮ ಊರು ಈಗ ಮಹಾನಗರದ ಹೊರಗಿಲ್ಲ. 2021ರಲ್ಲಿ ಮೆಟ್ರೋ ರೈಲೂ ಬಂದಿತು. ನಗರದ ಒಳಿತು ಕೆಡುಕುಗಳೆರಡೂ ನಮ್ಮ ಹೊಸ್ತಿಲ ಮುಂದೆಯೇ ಹಾದುಹೋಗುತ್ತವೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.7 ಲಕ್ಷ ಜನ ಕೊಕೇನ್ ಬಳಸುವವರಿದ್ದರು. ಮದ್ಯಪಾನಿಗಳ ಸಂಖ್ಯೆಯ ಮುಂದೆ ಇದು ಅತ್ಯಲ್ಪ. ಆದರೆ ಆ ಅಲ್ಪಸಂಖ್ಯೆಯಲ್ಲಿ ನಮ್ಮ ಮಗನೊಬ್ಬನಿದ್ದರೆ ಆ ಮನೆಗೆ ಅದೇ ಸರ್ವಸ್ವ.

ಕೊಕೇನ್ ದಕ್ಷಿಣ ಅಮೆರಿಕದ ಕೋಕಾ ಗಿಡದ ಎಲೆಯಿಂದ ತೆಗೆದ ರಾಸಾಯನಿಕ. 1884ರಲ್ಲಿ ಕಾರ್ಲ್ ಕೊಲ್ಲರ್ ಎಂಬ ವೈದ್ಯರು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ನೋವು ತಿಳಿಯದಿರಲು ಇದನ್ನು ಬಳಸಿ ಹೆಸರಾದರು. ಔಷಧಿಯಾಗಿ ಬಂದುದು ಬೇಗನೆ ಚಟವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತ, ದೆಹಲಿ, ಮುಂಬಯಿಗಳಲ್ಲಿ ಇದನ್ನು ವೀಳ್ಯದೆಲೆಯಲ್ಲಿಟ್ಟು ಮೆಲ್ಲುವವರಿದ್ದರು. ಆದುದರಿಂದ ಇದು ನಮ್ಮ ದೇಶಕ್ಕೆ ಹೊಸ ಶತ್ರುವೇನೂ ಅಲ್ಲ.

ಇದರ ಮೋಸ ಹೀಗಿದೆ. ಒಳ್ಳೆಯ ಊಟ, ಒಳ್ಳೆಯ ಕೆಲಸ, ಪ್ರೀತಿಯ ಮಾತು ಇವುಗಳಿಂದ ಮನಸ್ಸು ಹಿಗ್ಗುವಾಗ ಮೆದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯ ಸ್ರವಿಸಿ, ತನ್ನ ಕೆಲಸ ಮುಗಿಸಿ ಹಿಂದಿರುಗುತ್ತದೆ. ಕೊಕೇನ್ ಆ ಹಿಂದಿರುಗುವ ದಾರಿಯನ್ನು ಅಡ್ಡಗಟ್ಟುತ್ತದೆ. ಮೂಗಿನಿಂದ ಸೇದಿದರೆ ಸುಮಾರು 15ರಿಂದ 30 ನಿಮಿಷ ಅತಿಯಾದ ಉತ್ಸಾಹ. ಅನಂತರ ಅಷ್ಟೇ ಆಳವಾದ ಕುಸಿತ. ಆ ಕುಸಿತ ತಾಳಲಾರದೆ ಮತ್ತೆ ಸೇದುವುದು, ಹೀಗೆ ಚಟ ಬಲಿಯುತ್ತದೆ. ಕ್ರಮೇಣ ಸಹಜ ಸಂತೋಷಗಳೆಲ್ಲ ಸಪ್ಪೆಯಾಗುತ್ತವೆ.

ದೇಹದಲ್ಲಿ ಮೊದಲು ಪೆಟ್ಟು ಬೀಳುವುದು ಹೃದಯಕ್ಕೆ. ರಕ್ತನಾಳಗಳು ಸಂಕುಚಿಸುತ್ತವೆ, ರಕ್ತದೊತ್ತಡ ಏರುತ್ತದೆ. ಇಪ್ಪತ್ತೈದು ಮೂವತ್ತರ ಆರೋಗ್ಯವಂತನಿಗೂ ಹೃದಯಾಘಾತವಾಗಬಹುದು. ಅದು ಮೊದಲ ಬಾರಿಯ ಸೇವನೆಯಲ್ಲಿಯೇ ಆಗಬಹುದು. ಮದ್ಯದೊಡನೆ ಸೇರಿದಾಗ ಯಕೃತ್ತಿನಲ್ಲಿ ಕೋಕಎಥಿಲೀನ್ ಎಂಬ ಇನ್ನಷ್ಟು ಘಾತುಕ ವಸ್ತು ಹುಟ್ಟುತ್ತದೆ. ಮೂಗಿನ ನಡುಗೋಡೆ ಕೊಳೆತು ತೂತಾಗುತ್ತದೆ. ಯಾರೋ ಹಿಂಬಾಲಿಸುತ್ತಿದ್ದಾರೆಂಬ ಸಂಶಯ, ಚರ್ಮದಡಿಯಲ್ಲಿ ಹುಳು ಹರಿದಂಥ ಭ್ರಮೆ ಕಾಡುತ್ತವೆ. ಪುಡಿಯಲ್ಲಿ ಬೆರೆಸುವ ಲೆವಾಮಿಸೋಲ್, ದನಕರುಗಳಿಗೆ ಕೊಡುವ ಜಂತುನಾಶಕ, ರಕ್ತದ ಬಿಳಿಕಣಗಳನ್ನು ಕುಗ್ಗಿಸಬಲ್ಲುದು. ಎದೆನೋವು, ಸೆಳವು, ತೀವ್ರ ಜ್ವರ ಅಥವಾ ಉನ್ಮಾದ ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ, ವೈದ್ಯರಿಗೆ ನಿಜವನ್ನೇ ಹೇಳಬೇಕು. ಹೃದ್ರೋಗದ ಕೆಲವು ಔಷಧಿಗಳನ್ನು ಇಂಥವರಿಗೆ ಕೊಡುವಾಗ ವಿಶೇಷ ಎಚ್ಚರಿಕೆ ಅಗತ್ಯ. ಅಲ್ಲಿ ಮಾನ ಕಾಯಲು ಹೋದರೆ ಪ್ರಾಣಕ್ಕೆ ಎರವಾದೀತು.

ಆ ತಾಯಿಗಿದ್ದ ಇನ್ನೊಂದು ಭಯ ಪೊಲೀಸರದು. ಭಯ ನಿರಾಧಾರವಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಯಂತೆ ಕೊಕೇನ್ ಸೇವನೆಗೆ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 100 ಗ್ರಾಂ ಮೀರಿದರೆ ಅದು ವ್ಯಾಪಾರದ ಪ್ರಮಾಣವೆನಿಸಿ, ಕನಿಷ್ಠ ಹತ್ತು ವರ್ಷಗಳ ಶಿಕ್ಷೆ. ಆದರೆ ಇದೇ ಕಾಯ್ದೆಯ 64ಎ ಕಲಂ ಒಂದು ಬಾಗಿಲನ್ನು ತೆರೆದಿಟ್ಟಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ತಾನಾಗಿ ಮುಂದೆ ಬಂದು, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು. ಕಾನೂನೇ ಅವನನ್ನು ರೋಗಿಯೆಂದು ಕಾಣಲು ಸಿದ್ಧವಿರುವಾಗ, ಹೆತ್ತವರು ಕಳಂಕವೆಂದು ಬಚ್ಚಿಡುವುದು ಸರಿಯೇ?

ನಮ್ಮ ಪರಂಪರೆಯಲ್ಲಿಯೇ ಇದಕ್ಕೊಂದು ಮೇಲ್ಪಂಕ್ತಿಯಿದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಜೋಳಿಗೆ ಹಿಡಿದು ಅವರು ಬೇಡಿದ್ದು ಧಾನ್ಯವನ್ನಲ್ಲ, ಹಣವನ್ನಲ್ಲ; ಜನರ ದುಶ್ಚಟಗಳನ್ನು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಚಟವನ್ನು ಬೇಡಿದರೇ ಹೊರತು ಚಟಕ್ಕೆ ಬಿದ್ದವನನ್ನು ಅವರು ದೂರ ತಳ್ಳಲಿಲ್ಲ. ಮನೆಯಲ್ಲಿ ನಾವೂ ಆ ಜೋಳಿಗೆಯನ್ನೇ ಹಿಡಿಯಬೇಕಲ್ಲವೇ?

ಆದರೆ ಪ್ರತಿಜ್ಞೆಯೊಂದರಿಂದಲೇ ಕೊಕೇನ್ ಬಿಟ್ಟುಹೋಗದು. ಈ ಚಟವನ್ನು ಬಿಡಿಸಲೆಂದೇ ಮಾನ್ಯತೆ ಪಡೆದ ಮಾತ್ರೆಯಿಲ್ಲ. ಆಪ್ತಸಲಹೆ, ವರ್ತನಾ ಚಿಕಿತ್ಸೆ, ತಿಂಗಳುಗಟ್ಟಲೆ ಮನೆಯವರ ತಾಳ್ಮೆ ಇವೇ ಮದ್ದು. ನಡುವೆ ಒಮ್ಮೆ ಜಾರಿದರೂ ಎಲ್ಲ ಮುಗಿಯಿತೆಂದು ಕೈಚೆಲ್ಲಬಾರದು. ಬಿಟ್ಟ ಹೊಸತರಲ್ಲಿ ಖಿನ್ನತೆ ಹೆಚ್ಚಿ ಸಾಯುವ ಮಾತು ಬಂದರೆ ಒಬ್ಬನನ್ನೇ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಯ ಸಹಾಯವಾಣಿ 14446; ಮಾನಸಿಕ ನೆರವಿಗೆ ಟೆಲಿ ಮಾನಸ್ 14416. ಎರಡೂ ಉಚಿತ.

ಆ ಸಂಜೆ ನಾನು, "ತಾಯಿ, ನಿಶ್ಚಿತಾರ್ಥವನ್ನು ಒಂದು ತಿಂಗಳು ಮುಂದೂಡಬಹುದು, ಮಗನ ಚಿಕಿತ್ಸೆಯನ್ನು ಮುಂದೂಡಲಾಗದು" ಎಂದೆ. ಮರುವಾರ ತಂದೆ, ತಾಯಿ ಇಬ್ಬರೂ ಅವನೊಡನೆ ಆಸ್ಪತ್ರೆಗೆ ಹೋದರು. ಚಿಕಿತ್ಸೆ ಇನ್ನೂ ನಡೆದಿದೆ; ನಡುವೆ ಒಮ್ಮೆ ಜಾರಿದ್ದೂ ಉಂಟು. ಗಂಡಿನ ಮನೆಯವರಿಗೆ ಇದ್ದುದನ್ನು ಇದ್ದಂತೆ ಹೇಳಿದ್ದು ಅವನ ತಂಗಿಯೇ. ಅವರು, "ಮೊದಲು ಹುಡುಗ ಗುಣವಾಗಲಿ, ನಾವು ಕಾಯುತ್ತೇವೆ" ಎಂದರಂತೆ. ಯಾವ ಮಾತಿಗೆ ಹೆದರಿ ಆ ತಾಯಿ ತಿಂಗಳುಗಟ್ಟಲೆ ಬಾಯಿ ಬಿಗಿಹಿಡಿದಿದ್ದರೋ, ಆ ಮಾತನ್ನು ಆಡಿದ ಮೇಲೆಯೇ ಅವರಿಗೆ ನಿದ್ರೆ ಬಂದದ್ದು.