ಬ್ಯಾಟಿಗೆ ತಾಗಿದ್ದು ನಿಮಗೆ ಗೊತ್ತು, ಹೊರಡಿ

ಸುಗ್ಗಿ ಮುಗಿದು ಹೊಲ ಖಾಲಿಯಾಯಿತೆಂದರೆ ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಿಗಳ ಕಾಲ ಶುರು. ಬಸ್‌ಸ್ಟ್ಯಾಂಡಿನ ಗೋಡೆಯಲ್ಲೂ ವಾಟ್ಸಾಪ್ ಗ್ರೂಪಿನಲ್ಲೂ ಒಂದೇ ಪೋಸ್ಟರ್: ಪ್ರಥಮ ಬಹುಮಾನ ಇಷ್ಟು, ಎಂಟ್ರಿ ಫೀಸ್ ಇಷ್ಟು, ಮೇಲೆ ದಾನಿಗಳ ಫೋಟೋ, ಕೆಳಗೆ ಸಣ್ಣ ಅಕ್ಷರದಲ್ಲಿ 'ಅಂಪೈರ್ ತೀರ್ಮಾನವೇ ಅಂತಿಮ'. ಚುನಾವಣೆ ಹತ್ತಿರವಿದ್ದರೆ ಬಹುಮಾನ ದೊಡ್ಡದು, ಫೋಟೋ ಇನ್ನೂ ದೊಡ್ಡದು.

ಆ ಸಣ್ಣ ಅಕ್ಷರದ ಸಾಲಿನ ಬಗ್ಗೆಯೇ ನಮ್ಮ ತಕರಾರು.

ಮೈದಾನದಲ್ಲಿ ಆಗುವುದು ನಿಮಗೆ ಗೊತ್ತೇ ಇದೆ. ಚೆಂಡು ಬ್ಯಾಟಿನ ಅಂಚು ಸವರಿ ಕೀಪರ್ ಕೈಗೆ ಹೋಗುತ್ತದೆ. ಬೌಲರ್ ಕುಣಿಯುತ್ತಾನೆ. ಅಂಪೈರ್ ನೆಲ ನೋಡುತ್ತಾನೆ. ಬ್ಯಾಟ್ಸ್‌ಮನ್ ಏನೂ ಆಗದವನ ಹಾಗೆ ಪಿಚ್ ಕುಟ್ಟಿ ಮತ್ತೆ ಗಾರ್ಡ್ ತೆಗೆದುಕೊಳ್ಳುತ್ತಾನೆ. ಕೇಳಿದರೆ ಉತ್ತರ ರೆಡಿ: "ಅಂಪೈರ್ ಕೊಡ್ಲಿ, ಹೋಗ್ತೀನಿ. ಔಟ್ ಕೊಡೋದು ನನ್ ಕೆಲ್ಸ ಅಲ್ಲ."

ಮಾತು ಕೇಳಲು ನ್ಯಾಯವಾಗಿಯೇ ಇದೆ. ನಾವು ಒಪ್ಪುವುದಿಲ್ಲ. ಊರ ಮೈದಾನದಲ್ಲಿ ಅಂಚಿಗೆ ತಾಗಿ ಕ್ಯಾಚ್ ಆಯಿತೆಂದು ಗೊತ್ತಿದ್ದೂ ನಿಲ್ಲುವವನು ಚಾಲಾಕಿಯಲ್ಲ, ಪಕ್ಕದಲ್ಲಿ ನಿಂತ ಇನ್ನೊಬ್ಬ ಹುಡುಗನ ತಲೆಗೆ ತನ್ನ ಸುಳ್ಳನ್ನು ಕಟ್ಟುವವನು.

ಆ ಇನ್ನೊಬ್ಬ ಹುಡುಗ ಯಾರು ಅಂತ ಸ್ವಲ್ಪ ಯೋಚಿಸಿ. ನಮ್ಮ ಹೆಚ್ಚಿನ ಟೂರ್ನಿಗಳಲ್ಲಿ ಅಂಪೈರ್ ಬ್ಯಾಟಿಂಗ್ ಮಾಡುವ ತಂಡದವನೇ. ಔಟಾಗಿ ಬಂದವನೋ, ಹನ್ನೊಂದರಲ್ಲಿ ಜಾಗ ಸಿಗದವನೋ, ಕಿಟ್ ಹೊರಲು ಬಂದ ಹೈಸ್ಕೂಲು ಹುಡುಗನೋ. ಬೆರಳೆತ್ತಿದರೆ ಸ್ವಂತ ಟೀಮಿನವರ ಬೈಗುಳ: "ನೀನ್ ಯಾವ್ ಕಡೆಯವ್ನೋ?" ಎತ್ತದಿದ್ದರೆ ಎದುರು ಟೀಮಿನವರು ಕಾಲರ್ ಹಿಡಿಯುತ್ತಾರೆ. ಎರಡು ರನ್ನಿಗೆ ಪಂದ್ಯ ಸೋತ ಮೇಲೆ ಬೈಕಿನಲ್ಲಿ ಊರಿಗೆ ಹೋಗುವಾಗ ಆ ಹುಡುಗನ ಪಕ್ಕ ಯಾರೂ ಕೂರುವುದಿಲ್ಲ. ಸತ್ಯ ಗೊತ್ತಿದ್ದವನು ಕ್ರೀಸಿನಲ್ಲಿ ಆರಾಮಾಗಿ ನಿಂತಿದ್ದ, ಗೊತ್ತಿಲ್ಲದವನು ಪೆಟ್ಟು ತಿಂದ.

ಗೊತ್ತಿಲ್ಲದವನು ಅಂತ ಸುಮ್ಮನೆ ಹೇಳುತ್ತಿಲ್ಲ. ಲೆದರ್ ಬಾಲ್ ಅಂಚಿಗೆ ತಾಗಿದರೆ ಟಕ್ ಅಂತ ಕೇಳುತ್ತದೆ. ಟೆನಿಸ್ ಬಾಲ್ ಹಾಗಲ್ಲ. ತೆಳ್ಳಗೆ ಸವರಿದರೆ ಶಬ್ದವೇ ಇಲ್ಲ, ಇದ್ದರೂ ಪುಸ್ ಅನ್ನುವಷ್ಟು. ಮೈದಾನದ ಒಂದು ಮೂಲೆಯಲ್ಲಿ ಮೈಕ್, ಇನ್ನೊಂದು ಮೂಲೆಯಲ್ಲಿ ಡಿಜೆ, ನಡುವೆ ಬೀಸುವ ಗಾಳಿ. ಇಪ್ಪತ್ತೆರಡು ಗಜ ದೂರ ನಿಂತವನಿಗೆ ಏನು ಕೇಳಿಸಬೇಕು? ಬೌಂಡರಿಯಿಂದ ಮೊಬೈಲಿನಲ್ಲಿ ಮಾಡಿದ ವಿಡಿಯೋವನ್ನು ಹತ್ತು ಸಲ ಎಳೆದು ನೋಡಿದರೂ ಕಾಣುವುದು ಧೂಳು. ಆದರೆ ಹಿಡಿ ಹಿಡಿದವನ ಕೈಗೆ ಗೊತ್ತಾಗುತ್ತದೆ. ಆ ಸಣ್ಣ ನಡುಕ ಅಂಗೈಗೆ ಬಂದೇ ಬರುತ್ತದೆ. ಇಡೀ ಮೈದಾನದಲ್ಲಿ ಖಚಿತವಾಗಿ ಬಲ್ಲವನು ಒಬ್ಬನೇ, ಅವನೇ "ನನ್ನ ಕೆಲಸ ಅಲ್ಲ" ಅಂದರೆ ಮತ್ತೆ ಯಾರ ಕೆಲಸ?

ಇಲ್ಲಿ ನಮ್ಮ ಹುಡುಗರು ಟಿವಿ ತೋರಿಸುತ್ತಾರೆ. ದೊಡ್ಡ ದೊಡ್ಡವರೇ ನಿಲ್ಲುತ್ತಾರಲ್ಲ! ನಿಲ್ಲುತ್ತಾರೆ, ನಿಜ. 2013ರ ಆಶಸ್ ಸರಣಿ, ಟ್ರೆಂಟ್ ಬ್ರಿಡ್ಜ್. ಇಂಗ್ಲೆಂಡಿನ ಸ್ಟುವರ್ಟ್ ಬ್ರಾಡ್ 37 ರನ್ ಮಾಡಿದ್ದಾಗ ಆಶ್ಟನ್ ಅಗರ್ ಎಸೆದ ಚೆಂಡು ಅಂಚಿಗೆ ಬಡಿದು, ಕೀಪರ್ ಗ್ಲೌಸಿಗೆ ತಾಗಿ, ಸ್ಲಿಪ್‌ನಲ್ಲಿದ್ದ ಮೈಕಲ್ ಕ್ಲಾರ್ಕ್ ಕೈ ಸೇರಿತು. ಅಂಪೈರ್ ಅಲೀಂ ದಾರ್ ಔಟ್ ಕೊಡಲಿಲ್ಲ. ಆಸ್ಟ್ರೇಲಿಯಾದವರ ರಿವ್ಯೂ ಖಾಲಿಯಾಗಿತ್ತು. ಬ್ರಾಡ್ ಅಲ್ಲಾಡಲಿಲ್ಲ, 65ರವರೆಗೆ ಆಡಿದ. ಇಂಗ್ಲೆಂಡ್ ಗೆದ್ದಿದ್ದು 14 ರನ್ನಿನಿಂದ. ಅದೇ ಪಂದ್ಯದ ಕೊನೇ ವಿಕೆಟ್ ನೋಡಿ: ಆಸ್ಟ್ರೇಲಿಯಾದ ಬ್ರಾಡ್ ಹ್ಯಾಡಿನ್ ಅಂಚಿಗೆ ತಾಗಿಸಿ ನಿಂತೇ ಇದ್ದ, ಇಂಗ್ಲೆಂಡ್ ರಿವ್ಯೂ ತೆಗೆದುಕೊಂಡ ಮೇಲೆಯೇ ಔಟಾಗಿದ್ದು.

ಆದರೆ ಗಮನಿಸಿ, ಅಲ್ಲಿ ಅಂಪೈರ್ ಎರಡೂ ದೇಶದವನಲ್ಲ. ಸಂಬಳ ತೆಗೆದುಕೊಂಡು ಅದೊಂದೇ ಕೆಲಸ ಮಾಡುವವನು. ಮೇಲೆ ಮೂರನೇ ಅಂಪೈರ್, ಶಬ್ದ ಹಿಡಿಯುವ ಯಂತ್ರ, ಅಷ್ಟೂ ಕ್ಯಾಮೆರಾ. ಅಂಥ ಕಡೆ "ಅಂಪೈರ್ ನೋಡಿಕೊಳ್ಳಲಿ" ಅನ್ನುವ ಮಾತಿಗೆ ಸ್ವಲ್ಪವಾದರೂ ಬೆಲೆ ಇದೆ. ನಿಮ್ಮ ಚಿಕ್ಕಪ್ಪನ ಮಗನನ್ನು ವಿಕೆಟ್ ಹಿಂದೆ ನಿಲ್ಲಿಸಿಕೊಂಡು ಅದೇ ಮಾತು ಆಡಿದರೆ ಬೇಲಿಯನ್ನೇ ಹೊಲ ಮೇಯಲು ಬಿಟ್ಟ ಹಾಗೆ. ಟಿವಿಯವರ ಹೆಲ್ಮೆಟ್ಟೂ ಇಲ್ಲ, ಪ್ಯಾಡೂ ಇಲ್ಲ, ಅವರ ಮೊಂಡುತನ ಒಂದನ್ನು ಮಾತ್ರ ತಂದುಕೊಂಡಿದ್ದೇವೆ.

ಟಿವಿಯಲ್ಲೇ ಇನ್ನೊಂದು ಬಗೆಯವರೂ ಸಿಗುತ್ತಾರೆ. 2003ರ ವಿಶ್ವಕಪ್ ಸೆಮಿಫೈನಲ್, ಶ್ರೀಲಂಕಾ ಎದುರು. ಅರವಿಂದ ಡಿಸಿಲ್ವಾ ಬೌಲಿಂಗಿನಲ್ಲಿ ಅಂಪೈರ್ ಔಟ್ ಕೊಡದಿದ್ದರೂ ಆಸ್ಟ್ರೇಲಿಯಾದ ಗಿಲ್‌ಕ್ರಿಸ್ಟ್ ಬ್ಯಾಟ್ ಕಂಕುಳಿಗಿಟ್ಟು ಹೊರಟೇಬಿಟ್ಟ. ಅವನ ತಂಡ ಸೋಲಲೂ ಇಲ್ಲ. 2011ರ ವಿಶ್ವಕಪ್‌ನಲ್ಲಿ ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ಎದುರು ಸಚಿನ್ 2 ರನ್ನಿಗೆ ಹಾಗೆಯೇ ನಡೆದರು. ಸ್ಟೇಡಿಯಂ ತುಂಬ ಜನ ಬಂದಿದ್ದೇ ಅವರನ್ನು ನೋಡಲು.

ಇನ್ನೊಂದು ವಾದ: "ಇವತ್ತು ಔಟಿದ್ರೂ ಉಳೀತೀನಿ, ನಾಳೆ ಔಟಿಲ್ದೆ ಹೋಗ್ತೀನಿ. ಲೆಕ್ಕ ಸರಿಹೋಗ್ತದೆ." ಈ ಲೆಕ್ಕ ಯಾವ ಮೇಷ್ಟ್ರು ಕಲಿಸಿದ್ದೋ. 2008ರ ಸಿಡ್ನಿ ಟೆಸ್ಟ್ ನೆನಪಿಸಿಕೊಳ್ಳಿ. ಆಂಡ್ರ್ಯೂ ಸೈಮಂಡ್ಸ್ 30ರ ಆಸುಪಾಸಿನಲ್ಲಿ ಇಶಾಂತ್ ಶರ್ಮಾ ಚೆಂಡನ್ನು ಅಂಚಿಗೆ ತಾಗಿಸಿದ, ಅಂಪೈರ್ ಸ್ಟೀವ್ ಬಕ್ನರ್ ಔಟ್ ಕೊಡಲಿಲ್ಲ. ಸೈಮಂಡ್ಸ್ 162 ಮಾಡಿ ಅಜೇಯನಾಗಿ ಉಳಿದ, ತಾಗಿದ್ದನ್ನು ಆಮೇಲೆ ತಾನೇ ಒಪ್ಪಿಕೊಂಡ. ಕೊನೇ ದಿನ ನಮ್ಮ ದ್ರಾವಿಡ್ ಬ್ಯಾಟಿಗೆ ಚೆಂಡು ತಾಗಿಯೇ ಇರಲಿಲ್ಲ, ಅದೇ ಬಕ್ನರ್ ಕ್ಯಾಚ್ ಔಟ್ ಕೊಟ್ಟರು. ಭಾರತ 122 ರನ್ನಿನಿಂದ ಸೋತಿತು. ಒಬ್ಬನಿಗೆ ನೂರಕ್ಕೂ ಹೆಚ್ಚು ರನ್ ದಾನ, ಇನ್ನೊಬ್ಬನಿಗೆ ಪೆವಿಲಿಯನ್. ಎಲ್ಲಿ ಸರಿಹೋಯಿತು ಲೆಕ್ಕ? ಒಂದು ತಂಡ ಮಾತ್ರ ಆಟದ ಮನೋಭಾವದಿಂದ ಆಡಿತು ಎಂದು ಕ್ಯಾಪ್ಟನ್ ಅನಿಲ್ ಕುಂಬ್ಳೆ ಪತ್ರಕರ್ತರ ಮುಂದೆ ಹೇಳಿದಾಗ ಇಡೀ ಕರ್ನಾಟಕ ಹೌದು ಹೌದು ಅಂದಿತು. ಹಾಗೆ ಅಂದವರೇ ಭಾನುವಾರ ಮೈದಾನಕ್ಕಿಳಿದು ಸೈಮಂಡ್ಸ್ ಆಗುತ್ತಾರೆ.

ನಮ್ಮವರ ವಿಷಯ ಬಂದಾಗ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರನ್ನು ಬಿಡುವ ಹಾಗಿಲ್ಲ. 1980ರ ಫೆಬ್ರವರಿ, ಮುಂಬೈ ವಾಂಖೆಡೆಯಲ್ಲಿ ಇಂಗ್ಲೆಂಡ್ ಎದುರು ಸುವರ್ಣ ಮಹೋತ್ಸವ ಟೆಸ್ಟ್. ವಿಶ್ವನಾಥ್ ಕ್ಯಾಪ್ಟನ್. 58 ರನ್ನಿಗೆ 5 ವಿಕೆಟ್ ಬಿದ್ದ ಇಂಗ್ಲೆಂಡಿಗೆ ಬಾಥಮ್ ಮತ್ತು ಬಾಬ್ ಟೇಲರ್ ಜೊತೆಯಾದರು. ಟೇಲರ್‌ಗೆ ವಿಕೆಟ್ ಹಿಂದೆ ಕ್ಯಾಚ್ ಔಟ್ ಕೊಟ್ಟಾಯಿತು. ತಾಗಿಲ್ಲ ಅನ್ನಿಸಿದ ವಿಶ್ವನಾಥ್ ಅಪೀಲು ವಾಪಸ್ ಪಡೆದು ಟೇಲರ್‌ನನ್ನು ಮತ್ತೆ ಆಡಲು ಕರೆದರು. ಆ ಜೋಡಿ 171 ರನ್ ಸೇರಿಸಿತು. ಭಾರತ 10 ವಿಕೆಟ್‌ಗಳಿಂದ ಸೋತಿತು.

"ನೋಡಿ, ಒಳ್ಳೇತನದಿಂದ ಸೋತ್ರು" ಅನ್ನುವವರು ಇವತ್ತಿಗೂ ಇದ್ದಾರೆ. ಅದೇ ಪಂದ್ಯದಲ್ಲಿ ಬಾಥಮ್ ಸೆಂಚುರಿ ಹೊಡೆದು 13 ವಿಕೆಟ್ ಕಿತ್ತಿದ್ದನ್ನು ಅವರು ಹೇಳುವುದಿಲ್ಲ. ನಮ್ಮ ಬ್ಯಾಟಿಂಗ್ ಎರಡನೇ ಇನಿಂಗ್ಸಿನಲ್ಲಿ 149ಕ್ಕೆ ಮುಗಿದಿದ್ದನ್ನೂ ಹೇಳುವುದಿಲ್ಲ. ಸೋಲಿಗೆ ಕಾರಣ ಹುಡುಕುವಾಗ ಪ್ರಾಮಾಣಿಕನೇ ಮೊದಲು ಕೈಗೆ ಸಿಗುತ್ತಾನೆ, ಊರಲ್ಲೂ ಅಷ್ಟೇ.

ಈಗ ಯಾರೂ ಮೈಕಿನಲ್ಲಿ ಹೇಳದ ಮಾತು. ನಿಂತವನು ಯಾರ ಮಗ ಅನ್ನುವುದರ ಮೇಲೆ ಬೆರಳು ಏಳುತ್ತದೆ. ಟೂರ್ನಿಗೆ ದುಡ್ಡು ಕೊಟ್ಟವರ ಮನೆಯ ಹುಡುಗ ಕ್ರೀಸಿನಲ್ಲಿದ್ದಾನೆ, ಅಂಪೈರ್ ಆ ಮನೆಯ ತೋಟಕ್ಕೆ ಕೂಲಿಗೆ ಹೋಗುವವರ ಹುಡುಗ. ಬೆರಳೆತ್ತಿದರೆ ಸೋಮವಾರ ಅವ್ವನಿಗೆ ಕೆಲಸ ಇದೆಯೋ ಇಲ್ಲವೋ. ಅವನು ನೆಲ ನೋಡದೆ ಇನ್ನೇನು ಮಾಡಬೇಕು? ಅದೇ ಅಂಪೈರ್ ಕೇರಿಯ ಹುಡುಗ ಬ್ಯಾಟ್ ಹಿಡಿದಾಗ ಧೈರ್ಯವಾಗಿ ಬೆರಳೆತ್ತುತ್ತಾನೆ, ಯಾಕೆಂದರೆ ಅಲ್ಲಿ ಕೇಳುವವರಿಲ್ಲ. 'ಅಂಪೈರ್ ತೀರ್ಮಾನವೇ ಅಂತಿಮ' ಅನ್ನುವ ಸಾಲು ಈ ಮೈದಾನದಲ್ಲಿ 'ಬಲ ಇದ್ದವನ ತೀರ್ಮಾನವೇ ಅಂತಿಮ' ಆಗುತ್ತದೆ. ಅದಕ್ಕೇ ಮೊದಲು ನಡೆಯಬೇಕಾದವನು ದಾನಿಗಳ ಮನೆಯ ಹುಡುಗ. ಅವನು ತಾನಾಗಿ ಹೊರಟರೆ ಆ ಅಂಪೈರ್ ಹುಡುಗ ಬದುಕಿಕೊಳ್ಳುತ್ತಾನೆ.

ಓದಿಕೊಂಡ ಕೆಲವರು ಇದೆಲ್ಲ ಇಂಗ್ಲೆಂಡಿನ ದೊಡ್ಡ ಮನೆಯವರ ಶೋಕಿ ಅನ್ನಬಹುದು. ಅಲ್ಲಿ ದುಡ್ಡಿಗೆ ಆಡುವವರು ಬೇರೆ, ಜೆಂಟಲ್‌ಮನ್‌ಗಳು ಬೇರೆ ಎಂಬ ಭೇದ 1962ರವರೆಗೂ ಇತ್ತು, ಎಷ್ಟೋ ಮೈದಾನಗಳಲ್ಲಿ ಡ್ರೆಸ್ಸಿಂಗ್ ರೂಮೇ ಬೇರೆ. ಇರಲಿ. ಕ್ರಿಕೆಟ್ಟನ್ನೇ ಅವರಿಂದ ತೆಗೆದುಕೊಂಡಿದ್ದೇವೆ, ಇದೊಂದನ್ನು ತೆಗೆದುಕೊಳ್ಳಲು ಯಾಕೆ ನಾಚಿಕೆ?

ಕಾನೂನಿನಲ್ಲೂ ಜಾಗ ಇದೆ. ಫೀಲ್ಡರ್ ಅಪೀಲು ಮಾಡದೆ ಅಂಪೈರ್ ಔಟ್ ಕೊಡುವಂತಿಲ್ಲ ಅನ್ನುವ 31ನೇ ನಿಯಮವೇ, ಔಟಾದ ಬ್ಯಾಟ್ಸ್‌ಮನ್ ಅಪೀಲಿಗೆ ಕಾಯದೆ ಹೊರಡಲು ಅಡ್ಡಿಯಿಲ್ಲ ಎಂದೂ ಹೇಳುತ್ತದೆ.

ನಾವು ಕೇಳುತ್ತಿರುವುದು ತುಂಬ ಇಲ್ಲ. ಎಲ್‌ಬಿಡಬ್ಲ್ಯೂ ಬಿಡಿ, ಅದು ಬ್ಯಾಟ್ಸ್‌ಮನ್‌ಗೂ ಗೊತ್ತಾಗುವುದಿಲ್ಲ, ನಮ್ಮ ಎಷ್ಟೋ ಟೂರ್ನಿಗಳಲ್ಲಿ ಅದು ಇಲ್ಲವೇ ಇಲ್ಲ. ರನೌಟ್‌ನಲ್ಲಿ ಓಡುವವನಿಗೆ ಬೇಲ್ ಬಿದ್ದ ಕ್ಷಣ ಕಾಣುವುದಿಲ್ಲ, ಅದನ್ನೂ ಅಂಪೈರ್‌ಗೆ ಬಿಡಿ. ಕೈಗೆ ಗೊತ್ತಾದ ಅಂಚು, ಅದೊಂದೇ ಸಾಕು. ಫೀಲ್ಡರ್‌ಗಳೂ ಸಾಚಾಗಳೇನಲ್ಲ. ನೆಲಕ್ಕೆ ಬಿದ್ದ ಚೆಂಡನ್ನು ಎತ್ತಿ ಕುಣಿಯುವ ಕಲೆ ಬಲ್ಲವರು ಪ್ರತಿ ಊರಲ್ಲೂ ಇಬ್ಬರಿದ್ದಾರೆ. ಅವರಿಗೂ ಇದೇ ಮಾತು.

"ಎದುರಿನವ್ರು ನಡೆಯಲ್ವಲ್ಲ, ನಾವ್ಯಾಕೆ?" ಈ ಪ್ರಶ್ನೆ ಮಾತ್ರ ಸುಳ್ಳಲ್ಲ. ಒಂದು ಟೀಮು ನಡೆದು ಇನ್ನೊಂದು ನಿಂತರೆ ನಡೆದವರು ಸೋಲುತ್ತಾರೆ, ಮುಂದಿನ ವರ್ಷ ಅವರೂ ನಿಲ್ಲುತ್ತಾರೆ. ಹಾಗಾಗಿ ಇದನ್ನು ಒಬ್ಬೊಬ್ಬರ ಒಳ್ಳೇತನಕ್ಕೆ ಬಿಡಬೇಡಿ. ಟಾಸ್ ಹಾಕುವಾಗ ಇಬ್ಬರೂ ಕ್ಯಾಪ್ಟನ್‌ಗಳು ಎಲ್ಲರ ಮುಂದೆ ಒಪ್ಪಿಕೊಳ್ಳಲಿ. ಅಂಪೈರ್ ಆಗಿ ಆ ಹೊತ್ತಿಗೆ ಆಡದೆ ಕೂತಿರುವ ಮೂರನೇ ಊರಿನ ಇಬ್ಬರನ್ನು ನಿಲ್ಲಿಸಿ, ಎಂಟ್ರಿ ಫೀಸಿನಲ್ಲಿ ಊಟದ ದುಡ್ಡು ಕೊಡಿ. ಡಿಜೆಗೆ ಕೊಡುವುದರಲ್ಲಿ ಅರ್ಧವೂ ಆಗುವುದಿಲ್ಲ. ಮೈಕ್ ಹಿಡಿದ ಅಣ್ಣಂದಿರು ನಡೆದು ಬಂದ ಹುಡುಗನನ್ನು "ಮಹಾತ್ಮ ಬಂದ್ರು" ಅಂತ ಗೇಲಿ ಮಾಡುವುದನ್ನು ನಿಲ್ಲಿಸಲಿ. ಅವನ ಹೆಸರು, ಊರು, ಎಷ್ಟು ರನ್ನಿಗೆ ಹೊರಟ ಅನ್ನುವುದನ್ನು ಸರಿಯಾಗಿ ಕೂಗಿ ಹೇಳಲಿ.

ಮುಂದಿನ ಟೂರ್ನಿಯ ಪೋಸ್ಟರ್ ಮಾಡುವ ಹುಡುಗರೇ, ಪ್ರಿಂಟಿಗೆ ಕಳಿಸುವ ಮೊದಲು ಕೆಳಗಿನ ಆ ಸಣ್ಣ ಅಕ್ಷರದ ಸಾಲಿನ ಪಕ್ಕ ಇನ್ನೊಂದು ಸಾಲು ಹಾಕಿ: 'ಬ್ಯಾಟಿಗೆ ತಾಗಿ ಕ್ಯಾಚ್ ಆದರೆ ಬ್ಯಾಟ್ಸ್‌ಮನ್ ತಾನೇ ಹೊರಡಬೇಕು.' ಜಾಗ ಸಾಲದಿದ್ದರೆ ಮೇಲಿನ ಫೋಟೋಗಳಲ್ಲಿ ಒಂದನ್ನು ಸ್ವಲ್ಪ ಚಿಕ್ಕದು ಮಾಡಿ.